ಹೊಗೆಕೊಳವೆಗೊಂದು ಕವಚ

ಮೋಟಾರು ಸೈಕಲ್ಲಿನ ಹೊಗೆಕೊಳವೆಯನ್ನು ಕುರಿತು ಸಾಹಿತ್ಯಪತ್ರಿಕೆಯಲ್ಲಿ ಬರೆಯಬಹುದೆ ಎಂದು ಕೇಳುವವರಿಗೆ ನನ್ನಲ್ಲಿ ಎರಡು ಉತ್ತರಗಳುಂಟು. ಮೊದಲನೆಯದು, ಒಂದಲ್ಲ ಎರಡು ಹೊಗೆಕೊಳವೆಗಳುಳ್ಳ ಗಾಡಿಗಳು ನಮ್ಮ ಮೈಸೂರಿನಲ್ಲಿಯೇ ಬಹುಕಾಲ ತಯಾರಾಗುತ್ತಿದ್ದುವು. ಎರಡನೆಯದು, ಅಂತಹ ಗಾಡಿಯ ಕೊಳವೆಯೊಂದು ನಮ್ಮ ಮನೆಯ ಮಗುವಿನ ಕಾಲನ್ನು ಸುಟ್ಟಿತು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಂಡವರು ಊರಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ೧೯೬೧ರಲ್ಲಿ, ಆಗ ಮೈಸೂರಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರಿಂದ ಅದರ ಪ್ರಾರಂಭೋತ್ಸವವಾಯಿತು. ಚೆಕೊಸ್ಲೊವಾಕಿಯ ದೇಶದ ಜಾವಾ ಗಾಡಿಯನ್ನು ಅಲ್ಲಿ ಮೊದಲು ಮಾಡಿದರು; ೧೯೭೩ರಿಂದ ಅದೇ ವಂಶದ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು; ೧೯೭೮ರಲ್ಲಿ ರೋಡ್‌ಕಿಂಗ್ ಬಂದಿತು; ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಜಾವಾ ಎಂಬುದು ದ್ವೀಪದ ಹೆಸರೆಂದು ನನ್ನ ಶಿಷ್ಯರಲ್ಲಿ ಅನೇಕರು ಎಣಿಸಿದ್ದರು. ಅದು ಯಾನೆಚೆಕ್ ಎಂಬ ಯಜಮಾನನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಎಂಬ ಗಾಡಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಮಾಡಿದ ಸಮಾಸ. ಆ ಗಾಡಿಗಳಲ್ಲಿ ಎರಡು ವಿಶೇಷಗಳಿದ್ದುವು. ಒದ್ದು ಹೊರಡಿಸುವ ಸನ್ನೆ ಯಾವುದೋ ಗೇರು ಬದಲಿಸುವ ಸನ್ನೆಯೂ ಅದೇ. ಎಂಜಿನ್ನಿನ ಸಿಲಿಂಡರು ಒಂದೇ ಆದರೂ ಹೊಗೆ ಹೊರಡುವ ದ್ವಾರ ಎರಡು. ಆದ್ದರಿಂದ ಕೊಳವೆಯೂ ಎಡಕ್ಕೊಂದು, ಬಲಕ್ಕೊಂದು. ನನ್ನ ಕಥೆಗೆ ಬೇಕಾದುದು ಈ ಎರಡನೆಯ ವಿಶೇಷ.

ನನ್ನ ತಮ್ಮನ ಮಗನಿಗೆ ಇಪ್ಪತ್ತನಾಲ್ಕು ವರ್ಷ. ಅವನು ಹುಟ್ಟುವ ಮೊದಲೇ ನಿಂತುಹೋದ ಗಾಡಿಯ ಮೇಲೆ ಅವನಿಗೆ ಅನುರಾಗವುಂಟಾದುದು ಹೇಗೆಂಬುದು ನನಗೆ ತಿಳಿಯದು. ಅನುರಾಗಕ್ಕೆ ಹೇತುವನ್ನು ಹುಡುಕಬಾರದೆಂದು ಕವಿಗಳೂ ಒಪ್ಪಿದ್ದಾರೆ. ತುಕ್ಕು ಹಿಡಿದು ಬಿದ್ದಿದ್ದ ಒಂದು ರೋಡ್‌ಕಿಂಗನ್ನು ಕೊಂಡು ತಂದು, ಎರಡು ವರ್ಷ ಸಂಬಳದ ಒಂದು ಪಾಲನ್ನು ಅದಕ್ಕೆ ಸುರಿದು, ಅದನ್ನು ಕಾಡುಹಾದಿಯಲ್ಲಿ ಓಡುವ ಗಾಡಿಯ ರೂಪಕ್ಕೆ ತಂದನು. ಅಗಲವಾದ ಹಿಡಿ, ಗಡ್ಡೆಗಡ್ಡೆಯಾದ ಟೈರು, ಎತ್ತರಿಸಿದ ಮಡ್‌ಗಾರ್ಡು. ಇವೆಲ್ಲಕ್ಕೂ ಮುಕುಟವಾಗಿ, ಪೇಟೆಯಲ್ಲಿ ದೊರೆಯುವ ಒಂದು ಜೋಡಿ ಸೈಲೆನ್ಸರು. ಹಳೆಯವು ಪಾದದ ಮಟ್ಟದಲ್ಲಿ, ನೆಲಕ್ಕೆ ಸಮಾಂತರವಾಗಿ ಮಲಗಿದ್ದರೆ, ಈ ಹೊಸವು ಎಂಜಿನ್ನಿನಿಂದ ಹೊರಟು ಮೇಲಕ್ಕೆ ತಿರುಗಿ, ಸವಾರನ ತೊಡೆಯ ಕೆಳಗೆ ಹಾದು, ಹಿಂದೆ ಕುಳಿತವರ ಮೀನಖಂಡದ ಪಕ್ಕದಲ್ಲಿ ಬಾಲವನ್ನು ಎತ್ತಿಕೊಂಡಿದ್ದುವು.

ಇದು ಕೇವಲ ಶೋಕಿಯೆಂದು ನಾನು ಹೇಳಲಾರೆ. ಹಳ್ಳ ದಾಟುವಾಗ ನೀರು ಕೊಳವೆಗೆ ನುಗ್ಗದಿರಲಿ, ಬಂಡೆಗೆ ತಗುಲಿ ಜಜ್ಜದಿರಲಿ ಎಂದು ಹೀಗೆ ಎತ್ತರಿಸುವ ಪದ್ಧತಿ ಬಹಳ ಹಿಂದಿನದು. ಯೂರೋಪಿನಲ್ಲಿ ಆರು ದಿನಗಳ ಕಾಲ ಬೆಟ್ಟಗುಡ್ಡಗಳಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಚೆಕೊಸ್ಲೊವಾಕಿಯದ ಜಾವಾ ಸವಾರರು ಎಷ್ಟೋ ಸಲ ಗೆದ್ದಿದ್ದರು. ಆದರೆ ಆ ಸವಾರರು ಮೊಣಕಾಲವರೆಗೆ ಚರ್ಮದ ಪಾದರಕ್ಷೆ ತೊಟ್ಟು ಒಬ್ಬೊಬ್ಬರೇ ಹೋಗುತ್ತಿದ್ದರು. ಕೃಷ್ಣಮೂರ್ತಿಪುರದಲ್ಲಿ ಗಾಡಿಯ ಹಿಂದೆ ಲಂಗ ತೊಟ್ಟ ಮಗು ಕೂರುತ್ತದೆ, ಸೀರೆಯುಟ್ಟ ಹೆಂಗಸು ಎರಡು ಕಾಲನ್ನೂ ಎಡಕ್ಕೆ ಬಿಟ್ಟು ಕೂರುತ್ತಾಳೆ. ನಮ್ಮ ದೇಶದ ಶಾಸನಕರ್ತರು ಇದನ್ನು ಮರೆತವರಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೆಯದು, ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದ ಭಾಗಕ್ಕೆ ಮರೆಯಿರಬೇಕೆಂದು ವಿಧಿಸುತ್ತದೆ. ಜನರು ಸೀರೆ ಗಾರ್ಡು ಎನ್ನುವುದು ಇದನ್ನೇ. ಮೊದಲು ಕಳಚಿ ಮೂಲೆಗೆಸೆಯುವುದೂ ಇದನ್ನೇ.

ಶಬ್ದದ ವಿಷಯವೂ ಉಂಟು. ಅದೇ ನಿಯಮಾವಳಿಯ ೧೨೦ನೆಯದು ಸೈಲೆನ್ಸರಿನ ಲಕ್ಷಣವನ್ನು ಹೇಳುತ್ತದೆ: ಹಿಗ್ಗುವುದಕ್ಕೊಂದು ಕೋಣೆಯನ್ನು ಕೊಟ್ಟೋ ಬೇರೆ ಉಪಾಯದಿಂದಲೋ, ಹೊರಬರುವ ಹೊಗೆಯ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸಾಧನ ಎಂಬುದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವನಿಗೆ ಈ ಲಕ್ಷಣ ಬಹಳ ಹಿಡಿಸಿತು. ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರ ಮತ. ಆ ಶಬ್ದವನ್ನು ತಣಿಸಬೇಕಾದರೆ ಅದಕ್ಕೆ ಅವಕಾಶವನ್ನೇ ಕೊಡಬೇಕೆಂದು ಮೋಟಾರು ಶಾಸ್ತ್ರದವರ ಮತ. ನಮ್ಮ ಹುಡುಗನ ಹೊಸ ಕೊಳವೆಗಳಲ್ಲಿ ಆ ಕೋಣೆ ಇಕ್ಕಟ್ಟಾಗಿತ್ತೆಂಬುದು ಬೀದಿಗೆಲ್ಲ ತಿಳಿದಿತ್ತು. ಕಾರ್ಖಾನೆಯಿಂದ ಬಂದ ರೂಪವನ್ನು ಮನಬಂದಂತೆ ಬದಲಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅಬ್ಬರಿಸುವ ಸೈಲೆನ್ಸರುಗಳನ್ನು ಪೊಲೀಸಿನವರು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರು ಹರಿಸಿದ ಚಿತ್ರಗಳು ಕರ್ನಾಟಕದ ಪತ್ರಿಕೆಗಳಲ್ಲಿ ಬಂದಿವೆ. ಇದನ್ನು ನಾನು ಅವನಿಗೆ ಹೇಳಿದೆನು. ಒಳಗೆ ತಡೆಯ ಕೊಳವೆಯೊಂದನ್ನು ಸೇರಿಸಿ ಸದ್ದನ್ನು ತಗ್ಗಿಸಿದನು. ಬಿಸಿ ಮಾತ್ರ ಹಾಗೆಯೇ ಉಳಿಯಿತು.

ಹೋದ ವೈಶಾಖದ ಒಂದು ಸಂಜೆ ನನ್ನ ಮೊಮ್ಮಗಳು, ಎಂಟು ವರ್ಷದವಳು, ಚಿಕ್ಕಪ್ಪನ ಹಿಂದೆ ಕುಳಿತು ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಗಾಡಿ ಮನೆಯ ಮುಂದೆ ನಿಂತಿತು. ಮಗು ಎಡಗಡೆಗೆ ಜಾರಿ ಇಳಿಯಿತು. ಇಳಿಯುವಾಗ ಎಡಗಾಲಿನ ಮೀನಖಂಡ ಕೊಳವೆಗೆ ಒತ್ತಿತು. ಕೂಗು ಕೇಳಿ ನಾವು ಹೊರಗೆ ಬರುವಷ್ಟರಲ್ಲಿ, ವೀಳೆಯದೆಲೆಯ ಅರ್ಧದಷ್ಟು ಅಗಲ ಚರ್ಮ ಬೆಳ್ಳಗಾಗಿದ್ದಿತು.

ಇಂತಹ ಸಮಯದಲ್ಲಿ ಮನೆಯಲ್ಲಿ ಇದ್ದಷ್ಟು ಜನ, ಅಷ್ಟು ವೈದ್ಯ. ಎದುರುಮನೆಯವರು ಟೂತ್‌ಪೇಸ್ಟು ತಂದರು. ನನ್ನಾಕೆ ಬೆಣ್ಣೆಯೆಂದಳು. ನನ್ನ ಬಾಲ್ಯದಲ್ಲಿ ಮಸಿ ಹುಯ್ಯುತ್ತಿದ್ದರು. ಮಸಿಯ ಕುಡಿಕೆಗಳು ಮನೆಯಿಂದ ಮಾಯವಾದುದರಿಂದ ಆ ಸಲಹೆ ಮಾತ್ರ ಬರಲಿಲ್ಲ. ನನ್ನ ಸೊಸೆ ಯಾರ ಮಾತನ್ನೂ ಕೇಳದೆ ಮಗುವನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ, ನಲ್ಲಿಯ ಕೆಳಗೆ ಕಾಲಿಟ್ಟು, ಗಡಿಯಾರ ನೋಡಿ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಳು. ಬಳಿಕ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಅವರು ನೋಡಿ, ಆ ನೀರೇ ಅರ್ಧ ಚಿಕಿತ್ಸೆಯಾಯಿತೆಂದರಂತೆ. ಸುಶ್ರುತಾಚಾರ್ಯರು ಸುಟ್ಟ ಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೊಬ್ಬೆಯೆದ್ದು ತೀವ್ರವಾದ ಉರಿಯುಳ್ಳದ್ದು ದುರ್ದಗ್ಧ, ಮಗುವಿಗಾದುದು ಅದೇ. ವಿಂಗಡಣೆಯ ಸೂಕ್ಷ್ಮತೆಗೆ ಕೈಮುಗಿಯಬೇಕು. ಆದರೆ ಪ್ಲುಷ್ಟಕ್ಕೆ ಮತ್ತೆ ಬಿಸಿ ಕಾಯಿಸಬೇಕು, ತಣ್ಣೀರು ಕೂಡದು ಎಂಬ ಆಚಾರ್ಯರ ಮಾತನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾನು ನನ್ನ ಸೊಸೆಯ ಪಕ್ಷ.

ಬೊಬ್ಬೆ ಒಣಗಿತು, ಕಲೆ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಉಳಿದದ್ದು ಮನೆಯ ಮೌನ. ‘ಗಾಡಿ ಈ ಬಾಗಿಲಿಗೆ ಬರಬಾರದು’ ಎಂದು ಸೊಸೆ ಒಂದೇ ಮಾತು ಹೇಳಿದ್ದಳು. ಹುಡುಗನು ಗಾಡಿಯನ್ನು ಮಾರುವ ಮಾತಾಡಿದನು. ಮಾರಾಟಕ್ಕೆಂದು ಅದರ ಚಿತ್ರವನ್ನೂ ತೆಗೆದನು. ಎರಡು ವಾರ ನಮ್ಮ ಮನೆಗೆ ಬರಲಿಲ್ಲ. ಮಗು ಪ್ರತಿದಿನವೂ ‘ಚಿಕ್ಕಪ್ಪ ಯಾಕೆ ಬರಲ್ಲ ತಾತ?’ ಎಂದು ಕೇಳುತ್ತಿತ್ತು. ಮಾರಿದರೆ ಆ ಕೊಳವೆ ಇನ್ನೊಂದು ಮನೆಯ ಮುಂದೆ, ಇನ್ನೊಂದು ಮಗುವಿನ ಕಾಲಿನ ಮಟ್ಟದಲ್ಲಿ ನಿಲ್ಲುತ್ತದೆಯಲ್ಲದೆ ಬೇರೇನಾಗುತ್ತದೆ ಎಂದು ನನಗೆ ತೋರಿತು. ಹೇಳಿ ಕಳುಹಿಸಿದೆನು.

ಅವನು ಬರುವಾಗಲೇ ಪೇಟೆಯಿಂದ ಒಂದು ಗಾರ್ಡನ್ನು ತಂದಿದ್ದನು. ಕನ್ನಡಿಯಂತೆ ಹೊಳೆಯುವ ಕ್ರೋಮಿನ ತಗಡು. ಎರಡು ಪಟ್ಟಿಗಳಿಂದ ಕೊಳವೆಗೆ ಬಿಗಿಯುವುದು. ಬಿಗಿದೆವು. ನೋಡುವುದಕ್ಕೆ ಬಹಳ ಸೊಗಸಾಗಿತ್ತು. ಹತ್ತು ನಿಮಿಷ ಓಡಿಸಿಕೊಂಡು ಬಂದಮೇಲೆ ಅದರ ಮೇಲೆ ನೀರು ಚಿಮುಕಿಸಿದರೆ ದೋಸೆಯ ಹಂಚಿನ ಮೇಲಿನಂತೆ ಚುಂಯ್ ಎಂದಿತು. ತಗಡು ಕೊಳವೆಯನ್ನು ಉದ್ದಕ್ಕೂ ತಬ್ಬಿಕೊಂಡಿತ್ತು. ಒಳಗಿನ ಬಿಸಿಯೆಲ್ಲ ಹೊರಗಿನ ತಗಡಿಗೆ ಸಲೀಸಾಗಿ ದಾಟಿಬಂದಿತ್ತು. ಇದು ಗಾಡಿಗೆ ತೊಡಿಸಿದ ಆಭರಣ, ಕಾಲಿಗೆ ಕವಚವಲ್ಲ.

ಆಗ ನೆನಪಾದವರು ಮಂಡಿ ಮೊಹಲ್ಲಾದಲ್ಲಿ ಸಣ್ಣ ಷೆಡ್ಡು ಇಟ್ಟುಕೊಂಡಿರುವ ಒಬ್ಬ ಹಿರಿಯರು. ಯಾದವಗಿರಿಯ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ದುಡಿದವರು. ವಯಸ್ಸು ಎಪ್ಪತ್ತು ದಾಟಿದೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ, ನಾನು ಅವರನ್ನು ಮೇಸ್ತ್ರಿಗಳೇ ಎನ್ನುತ್ತೇನೆ. ಒಂದು ಪದ ಇಂಗ್ಲಿಷಿನಿಂದಲೂ ಒಂದು ಪೋರ್ಚುಗೀಸಿನಿಂದಲೂ ಬಂದುದಾದರೂ ಎರಡರ ಮೂಲವೂ ಒಂದೇ ಲ್ಯಾಟಿನ್ ಶಬ್ದ. ವಿದ್ಯೆಯ ಮಟ್ಟಿಗೆ ನಮ್ಮಿಬ್ಬರಲ್ಲಿ ಭಾಷೆ ಭೇದವೆಣಿಸಿಲ್ಲ.

ಮೇಸ್ತ್ರಿಗಳು ಪೇಟೆಯ ಗಾರ್ಡನ್ನು ಒಮ್ಮೆ ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟರು. ‘ತಗಡು ಬಿಸಿ ತಡೆಯಲ್ಲ ಮೇಷ್ಟ್ರೇ, ಸಂದು ತಡೆಯುತ್ತೆ. ತಗಡು ಇರೋದು ಆ ಸಂದನ್ನ ಕಾಯೋಕೆ’ ಎಂದರು. ಈ ಸೂತ್ರಕ್ಕೆ ಭಾಷ್ಯವನ್ನು ಬರೆಯುವುದು ನನ್ನ ವೃತ್ತಿಯಾದುದರಿಂದ ನಾಲ್ಕು ಮಾತು ಹೇಳುತ್ತೇನೆ.

ಬಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಮೂರು ದಾರಿಗಳಲ್ಲಿ ಹೋಗುತ್ತದೆ. ಮುಟ್ಟಿಕೊಂಡಿರುವ ವಸ್ತುವಿನ ಮೂಲಕ ಹೋಗುವುದು ಒಂದು: ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ನಾವು ಕಂಠದಲ್ಲಿ ಹಿಡಿಯುವುದು ಇದರ ಭಯದಿಂದ. ಗಾಳಿಯನ್ನೇರಿ ಹೋಗುವುದು ಎರಡನೆಯದು. ಯಾವ ವಾಹನವೂ ಇಲ್ಲದೆ ಬೆಳಕಿನಂತೆ ನೇರವಾಗಿ ಹೊರಡುವುದು ಮೂರನೆಯದು: ಅಗ್ಗಿಷ್ಟಿಕೆಯ ಮುಂದೆ ಕುಳಿತಾಗ ಯಾರಾದರೂ ಅಡ್ಡ ಬಂದರೆ ಮುಖ ಒಡನೆಯೇ ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ನಿಶ್ಚಲವಾದ ಗಾಳಿ ಬಿಸಿಯನ್ನು ಸಾಗಿಸುವುದು ಸ್ಟೇನ್‌ಲೆಸ್ ಉಕ್ಕು ಸಾಗಿಸುವುದಕ್ಕಿಂತ ಸುಮಾರು ೬೦೦ ಪಟ್ಟು ಕಡಮೆ. ಆದುದರಿಂದ ಬೆರಳಿನ ಅಗಲಕ್ಕಿಂತ ಕಡಮೆಯ ಸಂದು ಇದ್ದರೂ ಮೊದಲನೆಯ ದಾರಿ ಹೆಚ್ಚುಕಡಮೆ ಮುಚ್ಚಿದಂತೆಯೇ. ಸಂದಿನಲ್ಲಿ ಬಿಸಿಯಾದ ಗಾಳಿ ಮೇಲಕ್ಕೇರಿ ಹೊರಟು ಕೆಳಗಿನಿಂದ ತಣ್ಣನೆಯ ಗಾಳಿ ಒಳಬರುವಂತೆ ಎರಡು ಅಂಚುಗಳೂ ತೆರೆದಿದ್ದರೆ ಎರಡನೆಯ ದಾರಿಯೂ ನಮಗೇ ಅನುಕೂಲ. ಮೂರನೆಯದಕ್ಕೆ ಮಾತ್ರ ತಗಡು ಬೇಕು. ಕಾದ ವಸ್ತುವಿನ ನಿರಪೇಕ್ಷ ಉಷ್ಣತೆ ಎರಡರಷ್ಟಾದರೆ ಅದರಿಂದ ಹೊರಡುವ ಈ ಕಿರಣಗಳ ಬಿಸಿ ಹದಿನಾರರಷ್ಟಾಗುತ್ತದೆ. ಕೊಳವೆಯಂತಹುದೇ ಮೈಯುಳ್ಳ ಒಂದು ತಗಡು ನಡುವೆ ಬಂದರೆ ಅದು ಅರ್ಧಕ್ಕಿಳಿಯುತ್ತದೆ; ತಗಡು ಬೆಳ್ಳಗೆ ಹೊಳೆಯುತ್ತಿದ್ದರೆ ಇನ್ನೂ ಬಹಳ ಕೆಳಕ್ಕೆ. ಆದ್ದರಿಂದ ಒಳಮೈಗೆ ಕಪ್ಪು ಬಣ್ಣ ಕೂಡದು.

ಹುಡುಗನಿಗೆ ಇನ್ನೊಂದು ಯೋಚನೆಯಿತ್ತು: ಕೊಳವೆಗೆ ಗಾಜಿನ ನಾರಿನ ಪಟ್ಟಿಯನ್ನು, ಮುರಿದ ಕೈಗೆ ಬ್ಯಾಂಡೇಜು ಸುತ್ತುವಂತೆ, ಸುತ್ತಿಬಿಡುವುದು. ‘ಸುತ್ತಪ್ಪ, ಮಳೆಗಾಲ ಬರಲಿ’ ಎಂದು ಮೇಸ್ತ್ರಿಗಳು ನಕ್ಕರು. ಆ ಪಟ್ಟಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಅದರೊಳಗೆ ಸಾಮಾನ್ಯ ಉಕ್ಕಿನ ಕೊಳವೆ ಕಣ್ಣಿಗೆ ಕಾಣದೆ ತುಕ್ಕು ಹಿಡಿದು ತೂತಾಗುತ್ತದೆ. ಹಿಂದೆ ಇಂತಹ ಕೆಲಸಗಳಿಗೆ ಕಲ್ನಾರಿನ ಹಾಳೆಯನ್ನು ಕತ್ತರಿಸಿ ಹಾಕುತ್ತಿದ್ದರಂತೆ. ಅದರ ಧೂಳು ಶ್ವಾಸಕೋಶಕ್ಕೆ ವಿಷವೆಂದು ತಿಳಿದಮೇಲೆ ಮೇಸ್ತ್ರಿಗಳು ಅದನ್ನು ಮುಟ್ಟಿಲ್ಲ.

ಕೆಲಸ ಮೊದಲಾದುದು ರಟ್ಟಿನಿಂದ. ಹಳೆಯ ಪುಸ್ತಕದ ರಟ್ಟನ್ನು ಕೊಳವೆಯ ಮೇಲೆ ಹಿಡಿದು, ಮಗುವಿನ ಕಾಲು ತಗುಲಿದ ಜಾಗವನ್ನು ನಡುವೆ ಇಟ್ಟು, ಹಿಂದಕ್ಕೂ ಮುಂದಕ್ಕೂ ಒಂದೊಂದು ಗೇಣು ಬಿಟ್ಟು ಗುರುತು ಮಾಡಿದರು. ಸೀರೆಯುಟ್ಟವರು ಕುಳಿತರೆ ನೆರಿಗೆ ಎಲ್ಲಿಗೆ ಬರುತ್ತದೆಂದು ತಿಳಿಯಲು ತಮ್ಮ ಪಂಚೆಯನ್ನೇ ಇಳಿಬಿಟ್ಟು ಹಿಂದಿನ ಪೀಠದಲ್ಲಿ ಒಂದು ಪಕ್ಕಕ್ಕೆ ಕುಳಿತು ತೋರಿಸಿದರು. ಎಪ್ಪತ್ತರ ಆ ಗಾಂಭೀರ್ಯವನ್ನು ನೋಡಿ ನಗದಿರಲು ನಾನು ಕಷ್ಟಪಟ್ಟೆನು. ರಟ್ಟಿನ ಮಾದರಿಯ ಮೇಲೆ ಒಂದು ಮಿಲಿಮೀಟರು ದಪ್ಪದ ಸ್ಟೇನ್‌ಲೆಸ್ ತಗಡನ್ನು ಕತ್ತರಿಸಿ, ಒಂದು ಕಬ್ಬಿಣದ ಪೈಪಿನ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ಬಾಗಿಸಿದರು. ಅಂಚುಗಳನ್ನು, ಪಾತ್ರೆಯ ಕಂಠವನ್ನು ಮಡಚುವಂತೆ, ಒಳಕ್ಕೆ ಮಡಚಿದರು. ಸುಡುವುದನ್ನು ತಪ್ಪಿಸಲು ಹೋಗಿ ಕೊಯ್ಯುವುದನ್ನು ತಂದುಕೊಳ್ಳಬಾರದಲ್ಲವೆ? ನಡುವೆ ಸಾಲಾಗಿ ರಂಧ್ರಗಳನ್ನು ಕೊರೆದರು; ಮಗುವಿನ ಬೆರಳು ತೂರದಷ್ಟು ಸಣ್ಣವು.

ಕೊಳವೆಗೆ ಎರಡು ಸ್ಟೇನ್‌ಲೆಸ್ ಕ್ಲಿಪ್ಪುಗಳು. ಅವುಗಳ ಮೇಲೆ ಎಂಟು ಮಿಲಿಮೀಟರು ಎತ್ತರದ ಸಣ್ಣ ಕಾಲುಗಳು. ಕಾಲುಗಳ ಮೇಲೆ ತಗಡು. ಹಿಂದಿನ ತೂತು ದುಂಡಗಿತ್ತು, ಮುಂದಿನದು ಉದ್ದಗಿತ್ತು. ಏಕೆಂದು ಹುಡುಗನು ಕೇಳಿದನು. ಮೇಸ್ತ್ರಿಗಳು ಅದಕ್ಕೆ ಗಾಡಿಯ ಚಕ್ರವನ್ನು ನೆನಪಿಗೆ ತಂದರು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಏರಿಸಿ ನೀರು ಹುಯ್ದರೆ, ಪಟ್ಟೆ ಕುಗ್ಗಿ ಮರವನ್ನು ಕಚ್ಚುತ್ತದೆ. ಕಾದರೆ ಹಿಗ್ಗುವುದು, ತಣಿದರೆ ಕುಗ್ಗುವುದು ಲೋಹದ ಧರ್ಮ. ಲೆಕ್ಕವನ್ನು ನಾನು ಆಮೇಲೆ ಮಾಡಿ ನೋಡಿದೆನು: ಮೂವತ್ತು ಸೆಂಟಿಮೀಟರು ಉದ್ದದ ಉಕ್ಕಿನ ಕೊಳವೆಯ ಉಷ್ಣತೆ ೨೫೦ ಡಿಗ್ರಿ ಏರಿದರೆ ಅದು ಸುಮಾರು ೦.೯ ಮಿಲಿಮೀಟರು ಬೆಳೆಯುತ್ತದೆ. ಹೊರಗಿನ ತಗಡು ತಣ್ಣಗಿರುವುದರಿಂದ ಅಷ್ಟು ಬೆಳೆಯದು. ಎರಡು ತುದಿಗಳನ್ನೂ ಬಿಗಿದುಬಿಟ್ಟರೆ ದಿನಕ್ಕೆ ನಾಲ್ಕು ಸಲ ಒಂದು ಮತ್ತೊಂದನ್ನು ಎಳೆದು, ಕೆಲವು ತಿಂಗಳಲ್ಲಿ ಸ್ಕ್ರೂ ತುಂಡಾಗುತ್ತದೆ, ಇಲ್ಲವೆ ತಗಡು ತೂತಿನ ಬಳಿ ಸೀಳುತ್ತದೆ. ಉದ್ದ ತೂತಿನಲ್ಲಿ ಸ್ಕ್ರೂ ಅತ್ತಿತ್ತ ಸರಿದಾಡುತ್ತದೆ. ನೈಲಾನು ಉಂಗುರವುಳ್ಳ ನಟ್ಟುಗಳು ಹುಡುಗನ ಜೇಬಿನಲ್ಲಿದ್ದುವು. ಬಿಸಿಗೆ ನೈಲಾನು ಕರಗುತ್ತದೆಯೆಂದು ಮೇಸ್ತ್ರಿಗಳು ಅವನ್ನು ಹಿಂದಕ್ಕೆ ಕೊಟ್ಟು, ಪೂರ್ತಿ ಲೋಹದ ನಟ್ಟುಗಳನ್ನೇ ಹಾಕಿದರು.

ಪರೀಕ್ಷೆಗೆ ಅವರು ಇಟ್ಟುಕೊಂಡಿದ್ದ ಉಪಕರಣ ಒಂದು ಮೇಣದ ಬತ್ತಿಯ ತುಂಡು. ಇದನ್ನು ಕಂಡು ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ೧೯೪೭ರಲ್ಲಿ ಪ್ರಕಟಿಸಿದ ಶೋಧನೆಯಂತೆ, ೪೪ ಡಿಗ್ರಿಯ ಬಿಸಿ ಚರ್ಮವನ್ನು ಸುಡಲು ಸುಮಾರು ಆರು ಗಂಟೆ ಬೇಕು. ೬೦ ಡಿಗ್ರಿಗೆ ಸುಮಾರು ಐದು ಸೆಕೆಂಡು ಸಾಕು. ಅಲ್ಲಿಂದ ಮೇಲೆ, ಮಗು ಕಾಲನ್ನು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿಯೇ ಎಲ್ಲವೂ ಮುಗಿದಿರುತ್ತದೆ. ಮೇಣ ಕರಗುವುದು ಹೆಚ್ಚುಕಡಮೆ ಆ ಅರವತ್ತರ ಆಸುಪಾಸಿನಲ್ಲಿಯೇ. ಮೇಸ್ತ್ರಿಗಳು ಆ ಶೋಧನೆಯನ್ನು ಓದಿದವರಲ್ಲ. ‘ಮೇಣ ಹರಿದರೆ ಚರ್ಮ ಹೋಯಿತು ಅಂತ ಲೆಕ್ಕ’ ಎಂದಷ್ಟೇ ಹೇಳಿದರು.

ನಂಜನಗೂಡಿಗೆ ಹೋಗಿ ಬಂದು ನೋಡುವುದೆಂದಾಯಿತು. ಹುಡುಗನು ಬಿಸಿಲಿನಲ್ಲಿ ಹೋಗಿ, ನಿಲ್ಲಿಸದೆ ಹಿಂದಿರುಗಿ ಬಂದು, ಷೆಡ್ಡಿನ ಮುಂದೆ ಇಳಿದು, ಒಡನೆಯೇ ಮೇಣವನ್ನು ಹಚ್ಚಲು ಹೋದನು. ‘ಈಗಲ್ಲಪ್ಪ, ಐದು ನಿಮಿಷ ಬಿಡು’ ಎಂದು ಮೇಸ್ತ್ರಿಗಳು ತಡೆದರು. ಓಡುವಾಗ ಎದುರುಗಾಳಿ ತಗಡನ್ನು ತಣಿಸುತ್ತಿರುತ್ತದೆ. ನಿಂತಮೇಲೆ ಗಾಳಿಯಿಲ್ಲ, ಕೊಳವೆಯ ಬಿಸಿ ಮಾತ್ರ ಹಾಗೆಯೇ ಇರುತ್ತದೆ. ತಗಡು ಅತ್ಯಂತ ಕಾಯುವುದು ಆಗ. ಮಗುವೊಂದು ಗಾಡಿಯಿಂದ ಇಳಿಯುವುದೂ ಹತ್ತುವುದೂ ಆಗಲೇ. ಐದು ನಿಮಿಷ ಕಳೆಯಿತು. ಮೊದಲು ಬಲಗಡೆ, ಪೇಟೆಯ ಗಾರ್ಡನ್ನು ಹಾಗೆಯೇ ಬಿಟ್ಟಿದ್ದ ಕೊಳವೆಗೆ ಹಚ್ಚಿದರು: ಮೇಣ ಎಣ್ಣೆಯಂತೆ ಹರಿಯಿತು. ಎಡಗಡೆಯ ಹೊಸ ಕವಚದ ನಡುಭಾಗದಲ್ಲಿ ಸೀಮೆಸುಣ್ಣದಂತೆ ಒಂದು ಮಂಕಾದ ಗೆರೆ ಮಾತ್ರ ಎಳೆಯಿತು. ಮುಂದಿನ ಕ್ಲಿಪ್ಪಿನ ಬಳಿ, ಕಾಲು ತಗಡನ್ನು ಮುಟ್ಟುವ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮೇಣ ಮೆತ್ತಗಾಗಿ ಅಂಟಿಕೊಂಡಿತು. ಉಕ್ಕಿನ ಆ ಸಣ್ಣ ಕಾಲೇ ಬಿಸಿಗೆ ಸೇತುವೆಯಾಗಿತ್ತು. ಅಲ್ಲಿಗೆ ಸೆರಾಮಿಕ್ ನಾರಿನ ಎರಡು ವಾಷರುಗಳನ್ನು ಸೇರಿಸಬೇಕೆಂದು ಮೇಸ್ತ್ರಿಗಳು ತೀರ್ಮಾನಿಸಿದರು.

ಸೊಸೆಗೆ ಇದನ್ನೆಲ್ಲ ನಾನು ವಿವರಿಸಲು ಹೋದಾಗ ಅವಳು ಪೂರ್ತಿ ಕೇಳಲಿಲ್ಲ. ‘ಮಾವಯ್ಯ, ಆ ಮೇಣದ ಬತ್ತಿ ಎಲ್ಲಿ?’ ಎಂದಳು. ಮೈದುನನನ್ನು ಇನ್ನೊಂದು ಸುತ್ತು ಓಡಿಸಿಕೊಂಡು ಬರಲು ಹೇಳಿ, ಐದು ನಿಮಿಷ ಕಾದು, ತಾನೇ ಬಗ್ಗಿ ಕವಚದ ಉದ್ದಕ್ಕೂ ಮೇಣವನ್ನೆಳೆದು ನೋಡಿದಳು. ಮೆತ್ತಗಾದ ಜಾಗವನ್ನು ಬೆರಳು ತೋರಿ ‘ಇದು?’ ಎಂದು ಕೇಳಿದಳು. ವಾಷರು ಬರುತ್ತದೆಂದು ಅವನು ಹೇಳಿದನು. ‘ಬರಲಿ, ಆಮೇಲೆ ನೋಡೋಣ’ ಎಂದು ಒಳಗೆ ಹೋಗಿ, ಅವನಿಗೆ ಕಾಫಿ ತಂದುಕೊಟ್ಟಳು. ಬಲಗಡೆಯ ಕವಚಕ್ಕೆ ರಟ್ಟು ಕತ್ತರಿಸಿಟ್ಟಿದೆ. ಬರುವ ಭಾನುವಾರ ತಗಡಿನ ಕೆಲಸ.